ಇಲಿಯಣ್ಣ ಬರೆದಿಟ್ಟ ಕತ್ತಲೆ

"ಇಲಿ ಹಿಕ್ಕೆ ಬಳಿಯೋನು ನಂಗೆ ವಿಜ್ಞಾನ ಹೇಳಿಕೊಡ್ತಿದಾನೆ, ನೋಡ್ರಪ್ಪ."

ಬೆಳಗಿನ ಆರೂವರೆ. ಕಣ್ಣಿನ ಪ್ರಯೋಗಾಲಯದ ಇಲಿಮನೆ ಬಾಗಿಲಲ್ಲಿ ನಿಂತು ದೊಡ್ಡ ಡಾಕ್ಟರು ಹೀಗನ್ನುತ್ತಾರೆ. ಹಿಂದಿರುವ ಎಂಟು ಕಿರಿಯ ಡಾಕ್ಟರುಗಳು ನಗುತ್ತಾರೆ, ನಗದಿದ್ದರೆ ನಾಳೆ ತಮಗೇ ಕಷ್ಟ ಎಂಬಂತೆ. ಇಲಿಗಳನ್ನು ನೋಡಿಕೊಳ್ಳುವ ಇಲಿಯಣ್ಣ ನೀರಿನ ಬಾಟಲಿಯನ್ನು ಪಂಜರಕ್ಕೆ ಸಿಕ್ಕಿಸಿ, ಹನಿ ಬರುತ್ತಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ.

"ಪುಸ್ತಕದಲ್ಲಿ ಬರೆದಿದ್ದನ್ನೇ ಹೇಳ್ದೆ ಸರ್."

ದೊಡ್ಡ ಡಾಕ್ಟರ ಸಾಧನೆ ಬರೆಯಲೆಂದು ನನ್ನನ್ನು ಕರೆಸಿದ್ದರು. ಅದನ್ನು ಬರೆಯಲು ಜನ ಸಾಲುಗಟ್ಟಿದ್ದಾರೆ. ನಾನು ಇಲಿಯಣ್ಣನ ಬಗ್ಗೆ ಬರೆಯುತ್ತೇನೆ.

ಇಪ್ಪತ್ತೊಂದು ವರ್ಷದಿಂದ ಐದು ಗಂಟೆಗೆ ಇಲಿಮನೆಯ ಬೀಗ ತೆಗೆಯುವವರು ಇವರೇ. ಅರವತ್ತು ಪಂಜರ, ನೂರ ಇಪ್ಪತ್ತು ಇಲಿ. ಇವು ಬೇರೆಯದೇ ತಳಿ. ಮರಿಗಳಿಗೆ ಕಣ್ಣು ಕಾಣುತ್ತದೆ, ಆಮೇಲೆ ಕಣ್ಣಿನ ಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಒಂದೊಂದಾಗಿ ಸತ್ತು, ಮೂರು ತಿಂಗಳಿಗೆ ಕುರುಡು. ಆ ಸಾವು ತಡೆಯಲೆಂದು, ಇನ್ನೂ ಪೂರ್ತಿ ನರಕೋಶವಾಗದ ಎಳೆ ಕೋಶಗಳನ್ನು ಪರದೆಯ ಹಿಂದೆ ಸೂಜಿಯಲ್ಲಿ ಬಿಡುತ್ತಾರೆ. ಅವು ತಾವೇನೂ ನೋಡುವುದಿಲ್ಲ.

"ಪಕ್ಕದಲ್ಲಿ ಕೂತು ಊಟ ಕೊಡ್ತವೆ, ಕಸ ಬಳೀತವೆ," ಎನ್ನುತ್ತಾರೆ ಇಲಿಯಣ್ಣ. "ನನ್ ಕೆಲಸಾನೇ. ಅವುಕ್ಕೆ ಯಾರೂ ಬೈಯಲ್ಲ, ಅಷ್ಟೇ ವ್ಯತ್ಯಾಸ."

ಈ ಸಲ ಸೂಜಿ ಹಾಕಿದ ಇಲಿಗಳೆಲ್ಲ ಎಡಗಡೆ ಕೋಣೆಯಲ್ಲಿದ್ದವು, ಹಾಕದವು ಬಲಗಡೆ. ಎಡಗಡೆಯವುಗಳ ಕಣ್ಣು ಚೆನ್ನಾಗಿ ಉಳಿದಿದೆ. ಎಲ್ಲರಿಗೂ ಹಿಗ್ಗು. ಆದರೆ ಆ ಕೋಣೆಯ ದೀಪ ಹತ್ತೊಂಬತ್ತು ದಿನ ಕೆಟ್ಟಿತ್ತು. ಇಲಿಯಣ್ಣ ಅದನ್ನು ದಿನವೂ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರು, ಮೂರು ಸಲ ದೂರು ಕೊಟ್ಟರು. ಇಪ್ಪತ್ತನೇ ದಿನ ರಿಪೇರಿಯವನು ಬಂದ.

"ಈ ಜಾತಿ ಇಲಿ ಕತ್ತಲಲ್ಲಿದ್ರೆ ಕಣ್ಣು ನಿಧಾನಕ್ಕೆ ಹಾಳಾಗೋದು. ಸೂಜಿ ಇಲ್ದೇನೂ ಅಷ್ಟೇ. ಹಾಗಿದ್ಮೇಲೆ ಉಳಿಸಿದ್ದು ಕೋಶಾನೋ ಕತ್ತಲೆನೋ, ಯಾರಿಗ್ಗೊತ್ತು?" ಬೆಳಿಗ್ಗೆ ಇಲಿಯಣ್ಣ ದೊಡ್ಡ ಡಾಕ್ಟರಿಗೆ ಹೇಳಿದ್ದು ಇದನ್ನೇ.

ಚಿಕ್ಕ ಮಗುವಿಗೂ ಅರ್ಥವಾಗುವ ಮಾತು. ಒಪ್ಪಿದರೆ ಪ್ರಯೋಗ ಮೊದಲಿಂದ ಆಗಬೇಕು, ಮನುಷ್ಯರ ಮೇಲಿನ ಪರೀಕ್ಷೆ ವರ್ಷ ಮುಂದಕ್ಕೆ ಹೋಗಬೇಕು. ಆ ಪರೀಕ್ಷೆಗೆ ಆಯ್ಕೆಯಾದ ಹನ್ನೆರಡು ಜನರಲ್ಲಿ ಇಲಿಯಣ್ಣನ ಅಕ್ಕನೂ ಒಬ್ಬರು.

ಮಧ್ಯಾಹ್ನ ಅವರ ಮನೆಗೆ ಹೋಗುತ್ತೇನೆ. ಅಕ್ಕನಿಗೆ ಎದುರಿಗಿಟ್ಟ ಲೋಟ ಕಾಣುತ್ತದೆ, ಗೇಣು ಪಕ್ಕಕ್ಕೆ ಸರಿಸಿದರೆ ಕಾಣದು. ಅವರು ಲೋಟ ಹಿಡಿದೇ ತಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ.

"ಬಾಯಿ ಮುಚ್ಕೊಂಡಿದ್ರೆ ನಿನ್ ಗಂಟೇನು ಹೋಗ್ತಿತ್ತೋ? ಇನ್ನೊಂದು ವರ್ಷಕ್ಕೆ ನಿನ್ ಮೂತೀನೂ ಕಾಣಲ್ಲ ನಂಗೆ."

"ಕಂಡು ಏನ್ ಸುಖ ಅಕ್ಕಾ, ಇದೇ ಮೂತಿ ತಾನೆ."

ಅಕ್ಕ ನಗುವುದಿಲ್ಲ. ಇಲಿಯಣ್ಣ ನನ್ನ ಕಡೆ ತಿರುಗುತ್ತಾರೆ. "ಇವಳ ಕಣ್ಣಿಗೆ ಹಾಕೋದು, ಕೆಲಸ ಮಾಡುತ್ತೆ ಅಂತ ಗೊತ್ತಾಗಿ ಹಾಕ್ಲಿ. ನಂದು ಅಷ್ಟೇ ಆಸೆ."

ಮರುದಿನ ಬೆಳಗಿನ ಜಾವ ಮತ್ತೆ ಇಲಿಮನೆ. ಕಿರಿಯ ಡಾಕ್ಟರೊಬ್ಬರು ಹೊಸ ದಾಖಲೆ ಪುಸ್ತಕ ಹಿಡಿದು ಬರುತ್ತಾರೆ. ಒಳಗೆ ಬರುವವರಿಗೆಲ್ಲ ಒಂದೇ ಥರದ ನೀಲಿ ಕೋಟು, ಮುಖಕ್ಕೆ ಮಾಸ್ಕು. ನನ್ನನ್ನೂ ಕಸ ಬಳಿಯುವವನೆಂದು ತಿಳಿದಿರಬೇಕು, ದನಿ ತಗ್ಗಿಸುವುದಿಲ್ಲ.

"ಅಣ್ಣಾ, ಆ ಹತ್ತೊಂಬತ್ತು ದಿನದ್ದು ಇದರಲ್ಲಿ ಬರೆದುಬಿಡು. ದೀಪ ಉರೀತಿತ್ತು ಅಂತ. ಹಳೇ ಪುಸ್ತಕ ನಂಗೆ ಕೊಡು. ದೊಡ್ಡ ಡಾಕ್ಟ್ರು ಪರೀಕ್ಷೆ ಪಟ್ಟೀಲಿ ನಿಮ್ಮಕ್ಕಂದೇ ಮೊದಲನೇ ಹೆಸರು ಮಾಡಿಸ್ತಾರಂತೆ. ಏನಂತೀಯ?"

ಇಲಿಯಣ್ಣ ಹೊಸ ಪುಸ್ತಕ ತೆರೆದು ಖಾಲಿ ಹಾಳೆಯ ಮೇಲೆ ಅಂಗೈ ಸವರುತ್ತಾರೆ. ಅಲ್ಲಿಯೇ ಕೈ ನಿಲ್ಲುತ್ತದೆ. ಆಮೇಲೆ ಅವರು ಅದನ್ನು ಮುಚ್ಚಿ ಡಾಕ್ಟರ ಕೈಗೇ ಕೊಟ್ಟು, ಹಳೆಯದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೇವಿನ ಬಕೆಟ್ ಎತ್ತಿ, ಎಡಗಡೆ ಕೋಣೆಗೆ ನಡೆಯುತ್ತಾರೆ.