ಟಿವಿ ಅತ್ತ ದಿನ

ಟಿವಿಯ ಧ್ವನಿ ಎಷ್ಟಿರಬೇಕೆಂದು ನಿರ್ಣಯಿಸುವ ಅಧಿಕಾರ ಅದನ್ನು ಕೊಂಡವರಿಗಲ್ಲ, ಪಕ್ಕದ ಮನೆಯವರಿಗೆ ಸೇರಿದ್ದು. ನಮ್ಮ ಚಿಗಟೇರಿಯ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ನಾನು ಒಗ್ಗರಣೆ ಹಾಕಿದರೆ ಸೀನುವವಳು ಆಚೆಮನೆಯ ಬಸಮ್ಮ. ನಾಲ್ಕನೆಯ ತರಗತಿಗೇ ಶಾಲೆಗೆ ಶರಣೆಂದ ನಾನು ಟಿವಿ, ಕಂಪ್ಯೂಟರುಗಳ ವಿಚಾರ ಬರೆಯುವುದೆಂದರೆ ಕುರಿ ಕಾಯುವವಳು ಕಡಲನ್ನು ವರ್ಣಿಸಿದ ಹಾಗೆ. ನಗುವವರು ನಕ್ಕುಬಿಡಿ. ಈ ಸಂತೋಷವನ್ನು ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗದು.

ಸಂತೋಷದ ಬೇರು ಮಾತ್ರ ಸಾವಿನಲ್ಲಿದೆ. ನನ್ನ ಸೊಸೆ ರತ್ನ ಒಂದು ಬೇಸಿಗೆಯ ಮಧ್ಯಾಹ್ನ ರೊಟ್ಟಿ ಬಡಿಯುತ್ತಲೇ ಕುಸಿದು ಹೋದಳು. ಅವಳ ಮಗಳು ಗೌರಿ ದಾವಣಗೆರೆಯಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಆ ಬಿಸಿಲಿಗೆ ದೇಹವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಗೌರಿಯ ಬಸ್ಸು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು.

ನಮ್ಮಲ್ಲಿ ಹೆಣದ ಮುಂದೆ ಕೂತ ಹೆಂಗಸರು ಬರಿದೇ ಅಳುವುದಿಲ್ಲ. ಹೋದವರ ಗುಣಗಳನ್ನೆಲ್ಲ ಒಂದು ರಾಗಕ್ಕೆ ಹಚ್ಚಿ, ಹಾಡಿಕೊಂಡು ಅಳುತ್ತೇವೆ. ಹೆಣ ಎದ್ದ ಮೇಲೆ ಆ ರಾಗವನ್ನು ಮನೆಯೊಳಗೆ ಯಾರೂ ಎತ್ತಬಾರದು, ಎತ್ತಿದರೆ ಇನ್ನೊಂದು ಸಾವನ್ನು ಕರೆದಂತೆ. ಗೌರಿ ಬಂದಾಗ ಅಂಗಳ ಸಾರಿಸಿಯಾಗಿತ್ತು, ಅತ್ತವರೆಲ್ಲ ತಲೆಯ ಮೇಲೆ ನೀರು ಹಾಕಿಕೊಂಡಾಗಿತ್ತು. ಅವಳು ಅಳಲಿಲ್ಲ. “ಅವ್ವನ್ನ ಹೆಂಗ ಅತ್ರಿ?” ಎಂದಷ್ಟೇ ಕೇಳಿದಳು. ಹೇಳಿ ತೋರಿಸುವ ಹಾಗಿರಲಿಲ್ಲ. ಕಲ್ಲೆದೆಯ ಹುಡುಗಿ ಎಂದು ಓಣಿ ಆಡಿಕೊಂಡಿತು.

ಗೌರಿ ಚಿಕ್ಕವಳಿದ್ದಾಗ ರತ್ನ ಅವಳಿಗೆ ಕೊಟ್ಟೂರು ಸಂತೆಯಲ್ಲಿ ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ಪೆಟ್ಟಿಗೆಯೊಂದನ್ನು ಕೊಡಿಸಿದ್ದಳು. ತಾಯಿ ಹೋದ ಮೇಲಿನ ರಜೆಗೆ ಬಂದ ಗೌರಿ ಅದರ ಹಳೆಯ ಆಟದ ಕ್ಯಾಸೆಟ್ಟೊಂದನ್ನು ಬಿಚ್ಚಿ, ತಾನೇ ಬರೆದ ಆಟವನ್ನು ಅದರೊಳಗೆ ತುಂಬತೊಡಗಿದಳು. ಬೆರಳುದ್ದದ ಹೆಂಗಸೊಬ್ಬಳು ಕುರಿಗಳನ್ನು ಹಳ್ಳ ದಾಟಿಸುವ ಆಟ. ಕುರಿ ನಡೆಯುತ್ತಿತ್ತು, ನೀರು ಹರಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

“ಇದಕ್ಕ ರಾಗ ಕೂಡಿಸಬೇಕಜ್ಜಿ. ಅವ್ವನ ಮುಂದ ಹಾಡಿದ್ರಲ್ಲ, ಅದನ್ನ.”

“ಬಿಡ್ತು ಅನ್ನಲೇ” ಎಂದು ಗದರಿದೆ. ಅವಳು ಮತ್ತೆ ಕೇಳಲಿಲ್ಲ. ಸದ್ದಿಲ್ಲದ ಕುರಿಗಳನ್ನೇ ದಿನವಿಡೀ ಹಳ್ಳ ದಾಟಿಸುತ್ತ ಕೂತಳು. ಕೊನೆಗೆ ಊರಾಚೆಯ ಹೊಲದ ಬದುವಿನ ಮೇಲೆ ಅವಳನ್ನು ಕೂರಿಸಿಕೊಂಡು, ಮಾತು ಬಿಟ್ಟು ರಾಗವನ್ನಷ್ಟೇ ಗುನುಗಿದೆ. ಮಾತಿಲ್ಲದ ರಾಗಕ್ಕೆ ದೋಷವಿಲ್ಲವೆಂಬುದು ಆ ಬದುವಿನ ಮೇಲೆ ನಾನೇ ರಚಿಸಿದ ಧರ್ಮಶಾಸ್ತ್ರ.

ಆ ಪೆಟ್ಟಿಗೆಗೆ ಗಂಟಲು ಬಲು ಕಿರಿದಂತೆ, ಮೂರು ಪೀಪಿ ಮತ್ತೊಂದು ಬುಸುಗುಟ್ಟುವ ಸದ್ದು. ಮೊದಲ ಸಲ ಹಚ್ಚಿದಾಗ ರಾಗ ಮುಗಿಯುವ ತನಕ ಹೆಂಗಸು, ಕುರಿ, ಹಳ್ಳ ಎಲ್ಲವೂ ಕಲ್ಲಾಗಿ ನಿಂತವು. ಗೌರಿ ತಲೆ ಕೆರೆದುಕೊಂಡಳು. ಚಿತ್ರ ಒಮ್ಮೆ ಬದಲಾಗುವಷ್ಟರಲ್ಲಿ ಒಂದು ತುತ್ತು ರಾಗ, ಮತ್ತೆ ಕೆಲಸ, ಮತ್ತೊಂದು ತುತ್ತು ಎಂದು ಉಣಿಸಬೇಕಂತೆ. ಬಹಳ ದಿನ ಹಿಡಿಯಿತು. ಅಂತೂ ಒಂದು ಸಂಜೆ ರಾಗವೂ ನಡೆಯಿತು, ಕುರಿಯೂ ನಡೆಯಿತು. ಅವಳು ಧ್ವನಿಯನ್ನು ಪೂರ್ತಿ ಏರಿಸಿದಳು.

ಮೊದಲು ಓಡಿ ಬಂದವಳು ಬಸಮ್ಮ, ಕೈತುಂಬ ಹಿಟ್ಟು. ಹಿಂದೆ ಸೆರಗು ಬಾಯಿಗಿಟ್ಟುಕೊಂಡು ಓಣಿಯ ಹೆಂಗಸರು.

“ಯಾರು ಹೋದ್ರ ಬೇ?”

“ಯಾರೂ ಇಲ್ಲ. ಟಿವಿ.”

“ಟಿವಿ ಸತ್ತತೇನು?”

“ಸತ್ತಿಲ್ಲ, ಅಳಾಕತ್ತೇತಿ.”

ಬಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಿರೇಮನುಷ್ಯಾಳು ನೀನು, ಮನಿಯಾಗ ಈ ರಾಗ ಎತ್ತಿಸೀಯಲ್ಲ, ಬುದ್ಧಿ ಐತೇನು? ಅಳೋ ಮನಿಗೆ ಕಾಲಿಟ್ಟೀವಿ. ಈಗ ಜಳಕ ಮಾಡಬೇಕೋ ಬ್ಯಾಡೋ?”

“ಟಿವಿ ಅತ್ರ ಮೈಲಿಗಿ ಹತ್ತತೈತೇನಕ್ಕ?” ಎಂದಳು ಹಿಂದಿನಿಂದ ಒಬ್ಬಳು.

“ಹತ್ತಿದ್ರೂ ನೀರೆಲ್ಲೈತಿ? ನಳ ಬಂದು ವಾರಾತು” ಎಂದಳು ಇನ್ನೊಬ್ಬಳು.

ಮಾತು ಜಗಳಕ್ಕೆ ತಿರುಗುವ ಹೊತ್ತಿಗೆ ಬಸಮ್ಮನ ಕಣ್ಣು ಟಿವಿಯ ಮೇಲೆ ಬಿತ್ತು. “ಯಾರೇ ಅದು, ಹಸಿರು ಸೀರಿಯಾಕಿ?”

“ಅವ್ವ” ಎಂದಳು ಗೌರಿ, ತಿರುಗದೆ. “ನಾ ಬರೋದ್ರಾಗ ಎಲ್ಲಾರೂ ಅತ್ತು ಮುಗಿಸಿದ್ರಿ.”

ಬಸಮ್ಮ ಕೂತುಬಿಟ್ಟಳು. ರಾಗ ಒಂದು ಸುತ್ತು ಮುಗಿಸಿ ಮೊದಲಿಗೆ ಬಂತು. ಹಿಟ್ಟಿನ ಕೈಯನ್ನು ನೆಲಕ್ಕೆ ಬಡಿದು ಅವಳು ಅದಕ್ಕೆ ಮಾತು ಕೂಡಿಸಿದಳು: “ಹಂಚಿನ ಮ್ಯಾಲಿನ ರೊಟ್ಟಿ ತಿರುವಲಿಲ್ಲಲ್ಲೇ ರತ್ನವ್ವ, ಮಗಳ ಮಾರಿ ನೋಡಲಿಲ್ಲಲ್ಲೇ…” ಉಳಿದವರು ಸುತ್ತ ಕೂತು ಧ್ವನಿ ಸೇರಿಸಿದರು. ನನ್ನ ಶಾಸ್ತ್ರವೂ ಊರ ಶಾಸ್ತ್ರವೂ ಒಟ್ಟಿಗೇ ಮುರಿದುಬಿದ್ದವು. ಗೌರಿ ಬಸಮ್ಮನ ತೊಡೆಯ ಮೇಲೆ ಬಿದ್ದು, ಓಣಿಗೆಲ್ಲ ಕೇಳುವಂತೆ ಅತ್ತಳು. ಆ ಅಳುವನ್ನು ಕೇಳಿ ನನಗಾದ ಆನಂದವನ್ನು ಏನೆಂದು ಬರೆಯಲಿ? ಮದುವೆಯ ವಾದ್ಯ ಕೇಳಿದಾಗಲೂ ನನ್ನ ಎದೆ ಹಾಗೆ ತುಂಬಿರಲಿಲ್ಲ.

ಅತ್ತು ಸಾಕಾದ ಮೇಲೆ ಬಸಮ್ಮ ಅವಳ ಬೆನ್ನು ತಟ್ಟಿ ಎಬ್ಬಿಸಿದಳು. “ಏಳವ್ವ, ತಲಿಮ್ಯಾಲೆ ನೀರು ಹಾಕ್ಕೋ. ನಾವೆಲ್ಲ ಅವತ್ತೇ ಹಾಕ್ಕೊಂಡೀವಿ, ನೀನೊಬ್ಬಾಕಿ ಉಳಿದಿದ್ದಿ.”

ನಾನು ಹಂಡೆಯ ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಒಂದು ಚೆಂಬಿನಷ್ಟಿತ್ತು. ಯಾರಿಗೂ ಹೇಳಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಒಲೆಗೆ ಉರಿ ಹಾಕುವಷ್ಟರಲ್ಲಿ ಒಬ್ಬೊಬ್ಬರಾಗಿಯೇ ತಿರುಗಿ ಬಂದರು, ಸೊಂಟದ ಮೇಲೆ ಒಂದೊಂದು ಕೊಡ. ಹಂಡೆ ತುಂಬಿ ಹೊರಚೆಲ್ಲಿತು.