ಬೂರುಲ್ ನರ್ಸಮ್ಮ ಪಟ್ಟಿಯನ್ನು ನಂಬಿದ ದಿನ

ನಾರಿನ್ ಪಟ್ಟಣದ ಮೇಲಿನ ಆ ಬೆಟ್ಟದ ಹಳ್ಳಿಯಲ್ಲಿ ಬೂರುಲ್ ನರ್ಸಮ್ಮನಿಗೆ ಹೆದರದ ಮೂಗಿರಲಿಲ್ಲ. ಚಳಿಗಾಲದಲ್ಲಿ ಯಾರಾದರೂ ಸೀನಿದರೆ ಸಾಕು, ಹತ್ತಿ ಸುತ್ತಿದ ಕಡ್ಡಿ ಹಿಡಿದು ಹಾಜರು. ಹದಿನೈದು ನಿಮಿಷದಲ್ಲಿ ಫ್ಲೂ ಇದೆಯೋ ಇಲ್ಲವೋ ಹೇಳುವ ಪರೀಕ್ಷೆಯ ಪಟ್ಟಿ ಅವಳ ಚೀಲದಲ್ಲೇ ಇರುತ್ತಿತ್ತು. ಎರಡು ಗೆರೆ ಮೂಡಿದರೆ ಫ್ಲೂ, ಎರಡು ಮಾತಿಲ್ಲ. ಒಂದೇ ಗೆರೆ ಬಂತೆಂದು ರೋಗಿ ಖುಷಿಯಿಂದ ಎದ್ದರೆ ಮಾತ್ರ ಗದರುತ್ತಿದ್ದಳು.

"ಕೂತ್ಕೊಳಪ್ಪಾ! ಪಟ್ಟಿ ಹೌದು ಅಂದ್ರೆ ಹೌದು. ಇಲ್ಲ ಅಂದ್ರೆ, ಅದಕ್ಕೆ ಕಾಣ್ಲಿಲ್ಲ ಅಂತ ಅಷ್ಟೇ. ಲ್ಯಾಬಿನವರು ಹೇಳೋವರೆಗೂ ಮನೇಲಿ ಬಿದ್ಕೊ."

ಇನ್ನೊಂದು ಕಡ್ಡಿ ಮೂಗಿಗೆ ತುರುಕಿ, ಪಟ್ಟಣಕ್ಕೆ ಹೋಗುವ ಕಾರಿನಲ್ಲಿ ಲ್ಯಾಬಿಗೆ ಕಳಿಸುವಳು. ಇದರಿಂದ ಮದುವೆ ಊಟ, ಕುದುರೆ ಪಂದ್ಯ ಕಳೆದುಕೊಂಡವರು ಇನ್ನೂ ಹಲ್ಲು ಮಸೆಯುತ್ತಾರೆ.

ಹೀಗಿರುವಾಗ ಅವಳ ಮೊದಲ ಮೊಮ್ಮಗಳಿಗೆ ನಲವತ್ತು ದಿನ ತುಂಬಿತು. ಅಲ್ಲಿನ ಪದ್ಧತಿಯಂತೆ ಅಂದು ಮಗುವಿನ ಮೈಮೇಲೆ ನಲವತ್ತು ಚಮಚ ನೀರು ಹೊಯ್ದು ಹರಸಬೇಕು. ಮೊದಲ ಚಮಚ ಅಜ್ಜಿಗೆಂದು ತೆಗೆದಿಟ್ಟಿದ್ದರು. ಅದೇ ಬೆಳಿಗ್ಗೆ ಬೂರುಲ್‌ಗೆ ಗಂಟಲು ಕೆರೆತ, ಮೈಕೈ ನೋವು. ಪಟ್ಟಿ ತೆಗೆದು ನೋಡಿದಳು. ಒಂದೇ ಗೆರೆ. ಅಭ್ಯಾಸಬಲದಿಂದ ಲ್ಯಾಬಿಗೂ ಒಂದು ಕಡ್ಡಿ ಕಳಿಸಿದಳು. ಉತ್ತರ ಬರುವುದು ಮರುದಿನ. ಇಷ್ಟು ವರ್ಷ ಅರೆಗುರುಡಾಗಿದ್ದ ಪಟ್ಟಿಗೆ ಅಂದು ಒಮ್ಮೆಲೇ ಹದ್ದಿನ ಕಣ್ಣು ಬಂದಿತ್ತು! ಹೊಸ ತಲೆವಸ್ತ್ರ ಕಟ್ಟಿಕೊಂಡು ಮಗನ ಮನೆಗೆ ಹೊರಟೇಬಿಟ್ಟಳು.

ಬಾಗಿಲಲ್ಲಿ ಸೊಸೆ ಮೀರಿಮ್ ನಿಂತಿದ್ದಳು. ಮದುವೆಯಾದಂದಿನಿಂದ ಎದುರಾಡದವಳು, ಅತ್ತೆಯ ಹೆಸರನ್ನೂ ಬಾಯಿಬಿಟ್ಟು ಹೇಳದವಳು.

"ಅತ್ತೆ, ನಿಮ್ಮ ದನಿ ಯಾಕೋ ಒಡೆದಿದೆ?"

"ಏನಿಲ್ಲ ಕಣೇ. ಪಟ್ಟಿ ನೋಡ್ಕೊಂಡೇ ಬಂದೆ. ಇಲ್ಲ ಅಂತು."

ಸೊಸೆ ತಲೆ ತಗ್ಗಿಸಿದಳು, ಬಾಗಿಲು ಮಾತ್ರ ಬಿಡಲಿಲ್ಲ. "ಅದಕ್ಕೆ ಕಾಣ್ಲಿಲ್ಲ ಅಂತ ಅಷ್ಟೇ, ಅತ್ತೆ."

"ನನಗೇ ಪಾಠ ಹೇಳ್ತೀಯಾ?"

"ನಿಮ್ಮ ಪಾಠಾನೇ ಒಪ್ಪಿಸ್ದೆ. ಮಗು ಇನ್ನೂ ಅಂಗೈ ಅಗಲ ಇದೆ."

ಒಳಗಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಬೂರುಲ್ ಕಿಟಕಿಯಾಚೆ ಹಿಮದಲ್ಲಿ ನಿಂತಳು. ಮೊದಲ ಚಮಚವನ್ನು ಪಕ್ಕದ ಮನೆಯ ಮುದುಕಿ ಹೊಯ್ದಳು. ಬೂರುಲ್‌ಗೆ ಹೊಟ್ಟೆ ಉರಿದುಹೋಯಿತು. ಇದು ಬರೀ ನೆಗಡಿಯಾಗಿದ್ದರೆ? ಜುಜುಬಿ ನೆಗಡಿಗೆ ಈ ದಿನ ಕಳೆದುಕೊಂಡೆನೇ?

ಮರುದಿನ ಮಧ್ಯಾಹ್ನ ಲ್ಯಾಬಿನಿಂದ ಫೋನು ಬಂತು. ಬೂರುಲ್ ಜ್ವರದ ಮೈಯಲ್ಲೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಿ, ಮಗನ ಮನೆಯ ಬೇಲಿಯಾಚೆಯಿಂದಲೇ ಕೂಗಿದಳು.

"ಮೀರಿಮ್! ಇದೆಯಂತೆ ಕಣೇ! ನನಗೆ ಫ್ಲೂ ಇದೆಯಂತೆ!"

ಕಾಯಿಲೆಯನ್ನು ಅಷ್ಟು ಸಂತೋಷದಿಂದ ಸಾರಿದವರನ್ನು ಆ ಬೀದಿ ಕಂಡಿರಲಿಲ್ಲ. ಮೀರಿಮ್ ಕಿಟಕಿಯೊಳಗಿಂದ ಮಗುವನ್ನು ಎತ್ತಿ ತೋರಿಸಿದಳು. ಬೂರುಲ್ ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಾಗಿಲು ಬಿಡದೇ ಇದ್ಯಲ್ಲ, ನೂರು ವರ್ಷ ಬಾಳು ಮಗಳೇ," ಎಂದು ಅತ್ತುಬಿಟ್ಟಳು.