ಬಾಗಿಲಿಗೆ ಹಾಕಿದ ಮುಳ್ಳು

2011ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಧರ್ಮಪುರಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಡೆಪ್ಯುಟಿ ತಹಸೀಲ್ದಾರನಾಗಿದ್ದೆ. ಚುನಾವಣಾ ವಿಭಾಗ ನನ್ನ ಕೈಯಲ್ಲಿತ್ತು. ಡಿಲಿಮಿಟೇಶನ್, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸುವ ಕೆಲಸ, ಅಷ್ಟರಲ್ಲಿ ಮುಗಿದಿತ್ತು. ಆ ಹೊಸ ಗಡಿಗಳ ಮೇಲೆ ತಮಿಳುನಾಡಿನಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆ ಅದು. ಮೂವತ್ತು ವರ್ಷಕ್ಕೂ ಮಿಕ್ಕಿದ ನೌಕರಿಯಲ್ಲಿ ಎಷ್ಟೋ ಚುನಾವಣೆಗಳನ್ನು ಮಾಡಿಸಿದ್ದೇನೆ, ಮೆಚ್ಚುಗೆಯ ಪತ್ರಗಳೂ ಬಂದಿವೆ. ಆದರೂ ಯಾರಾದರೂ ‘ನಿಮ್ಮ ಅನುಭವ ಹೇಳಿ’ ಎಂದರೆ ನೆನಪಿಗೆ ಬರುವುದು ನಾನು ಹಾಕಬಾರದಿದ್ದ ಒಂದು ಸಹಿ.

ತೊಪ್ಪೂರು ಘಾಟಿನ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಹಟ್ಟಿ. ಹದಿನಾಲ್ಕು ಮನೆ, ಮೂವತ್ತೆಂಟು ಮತದಾರರು. ಎಲ್ಲರೂ ಕುರಿ ಸಾಕುವ, ಮನೆಯಲ್ಲಿ ಕನ್ನಡ ಆಡುವ ಜನ. ಮಳೆ ಬಿದ್ದು ಸುತ್ತಲಿನ ಹೊಲಗಳಲ್ಲಿ ಪೈರು ನಿಂತಿತೆಂದರೆ ಕುರಿಗಳಿಗೆ ಕಾಲಿಡಲು ಜಾಗವಿರುವುದಿಲ್ಲ. ಆಗ ಇಡೀ ಹಟ್ಟಿ ಮಂದೆ ಹೊಡೆದುಕೊಂಡು ಸೇಲಂ ಜಿಲ್ಲೆಯ ಎಡಪ್ಪಾಡಿ ಕಡೆ ಹೋಗುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ತಂಗಿಸಿ, ತಿಂಗಳುಗಟ್ಟಲೆ ಅಲ್ಲೇ ಇದ್ದು ಬರುತ್ತಾರೆ.

ಹೊಸ ಗಡಿ ಈ ಹಟ್ಟಿಯನ್ನು ಹಳೆಯ ಕ್ಷೇತ್ರದಿಂದ ಎತ್ತಿ ಪಕ್ಕದ ಕ್ಷೇತ್ರಕ್ಕೆ ಹಾಕಿತು. ಅವರ ಮತದಾರರ ಪಟ್ಟಿಯೂ ಹೊಸ ಕೈಗೆ ಬಂತು. ಅಲ್ಲಿಯವರೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಅಂಗನವಾಡಿಯ ಅಮ್ಮ ಹಳೆಯ ಕ್ಷೇತ್ರದಲ್ಲೇ ಉಳಿದರು. ಯಾವ ಮನೆಯವರು ಯಾವಾಗ ಹೋಗುತ್ತಾರೆ, ಯಾವಾಗ ಬರುತ್ತಾರೆ ಎನ್ನುವುದೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಅದು ಯಾವ ಫೈಲಿನಲ್ಲೂ ಇರಲಿಲ್ಲ.

ಹೊಸ ಬಿಎಲ್‌ಓ, ಅಂದರೆ ಮನೆಮನೆಗೆ ಹೋಗಿ ಹೆಸರು ತಾಳೆ ನೋಡುವವರು, ಕಾರಿಮಂಗಲಂ ಕಡೆಯ ಒಬ್ಬ ಶಾಲಾ ಮೇಷ್ಟ್ರು. ಪ್ರಾಮಾಣಿಕ ಮನುಷ್ಯ. ಮೂರು ಸಲ ಹೋಗಿಬಂದು ತಮಿಳಿನಲ್ಲಿ ವರದಿ ಬರೆದರು: ‘ಮನೆಗಳಲ್ಲಿ ಯಾರೂ ಇಲ್ಲ. ಬಾಗಿಲುಗಳಲ್ಲಿ ಮುಳ್ಳು ತುಂಬಿದೆ. ಊರು ಬಿಟ್ಟು ಹೋದಂತಿದೆ.’ ನಿಯಮದಂತೆ ನೋಟಿಸನ್ನೂ ಬಾಗಿಲಿಗೆ ಅಂಟಿಸಿ ಬಂದರು. ಓದಲು ಅಲ್ಲಿ ಯಾರೂ ಇಲ್ಲದ ಮೇಲೆ ಉತ್ತರ ಎಲ್ಲಿಂದ ಬರಬೇಕು? ಏಳು ದಿನ ಕಳೆದ ಮೇಲೆ ಫೈಲು ನನ್ನ ಮೇಜಿಗೆ ಬಂತು.

ಮೇಷ್ಟ್ರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ನಾನು ಮೇಟ್ಟೂರು ಕಡೆಯ ಕನ್ನಡದ ಮನೆಯವನು. ಹೊಲಕ್ಕೆ ಹೊರಡುವಾಗ ನಮ್ಮಜ್ಜಿ ಬಾಗಿಲಿಗೆ ಅಡ್ಡವಾಗಿ ಜಾಲಿಯ ಮುಳ್ಳುಕೊಂಬೆ ಎಳೆದು ಹೋಗುತ್ತಿದ್ದಳು. ನಾಯಿ ನುಗ್ಗದಿರಲಿ, ನಾವು ವಾಪಸು ಬರುತ್ತೇವೆ ಎಂದು ಅದರ ಅರ್ಥ. ಊರು ಬಿಡುವವರು ಮುಳ್ಳು ಹಾಕುವುದಿಲ್ಲ, ಬಾಗಿಲನ್ನೇ ಕಿತ್ತು ಗಾಡಿಗೆ ಹಾಕಿಕೊಳ್ಳುತ್ತಾರೆ. ವರದಿಯ ‘ಮುಳ್ಳು’ ಎಂಬ ಮಾತಿನ ಹತ್ತಿರ ನನ್ನ ಪೆನ್ನು ನಿಂತಿತು. ಆದರೆ ಅಂದೇ ಸಂಜೆಯೊಳಗೆ ಪಟ್ಟಿ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಹಟ್ಟಿಗೆ ಜೀಪಿನಲ್ಲಿ ಒಂದು ಗಂಟೆಯ ದಾರಿ. ನಾನು ಹೋಗಲಿಲ್ಲ. ಮೂವತ್ತೆಂಟು ಹೆಸರಿನ ಮುಂದೆ ‘ಶಿಫ್ಟೆಡ್’ ಎಂದು ಬರೆದು ಸಹಿ ಮಾಡಿದೆ. ನನ್ನ ಶಿಫಾರಸನ್ನು ಮೇಲಿನವರು ನಂಬಿದರು.

ಮತದಾನದ ದಿನ ನಾನು ವಲಯಾಧಿಕಾರಿ, ಹನ್ನೆರಡು ಮತಗಟ್ಟೆಗಳ ಉಸ್ತುವಾರಿ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಮತಗಟ್ಟೆ ಅಧಿಕಾರಿ ಫೋನು ಮಾಡಿದರು. “ಒಂದು ಗುಂಪು ಬಂದು ನಿಂತಿದೆ. ಕೈಯಲ್ಲಿ ಕಾರ್ಡಿದೆ, ಪಟ್ಟಿಯಲ್ಲಿ ಹೆಸರಿಲ್ಲ,” ಎಂದರು. ಯಾರೆಂದು ಕೇಳದೆಯೇ ಜೀಪು ಹತ್ತಿದೆ.

ಹೋಗಿ ನೋಡಿದರೆ ಹಟ್ಟಿಯವರೇ. ಕುರಿ ಕಾಯಲು ನಾಲ್ಕು ಜನರನ್ನು ಬಿಟ್ಟು ಮಿಕ್ಕವರೆಲ್ಲ ಎಡಪ್ಪಾಡಿ ಕಡೆಯಿಂದ ಬಂದಿದ್ದರು. ಗಲಾಟೆಯಿಲ್ಲ, ಕೂಗಾಟವಿಲ್ಲ. ಗಲಾಟೆ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮುಂದೆ ನಿಂತಿದ್ದವಳು ಕೆಂಪಮ್ಮ, ಎಪ್ಪತ್ತರ ಮುದುಕಿ. ಸೆರಗಿನ ಗಂಟು ಬಿಚ್ಚಿ ಕಾರ್ಡು ತೋರಿಸಿದಳು.

“ನಮ್ ಎಸ್ರಿಲ್ಲ ಅಂತಾರಲ್ಲಪ್ಪ. ಮೂರ್ ಬಸ್ಸತ್ತಿ ಬಂದಿವ್ನಿ, ಇನ್ನೊಂದ್ ಸಲ ಚೆನ್ನಾಗ್ ನೋಡು.”

“ಎಸ್ರು ತೆಗ್ದವ್ರೆ ಅವ್ವ. ನೀವು ಊರ್ ಬಿಟ್ ಓಗಿದೀರ ಅಂತ ಬರ್ದವ್ರೆ,” ಎಂದೆ. ಬರೆದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. “ಊರ್ ಬಿಟ್ಟೋರು ಬಾಗ್ಲಿಗೆ ಮುಳ್ ಆಕ್ತಾರಾ? ನೀನ್ ನಮ್ ಮಾತಾಡೋನು, ನಿಂಗೂ ತಿಳೀದಾ?”

ಅವಳೇ ಮುಂದುವರಿಸಿದಳು: “ತೊಗುದಿ ಬೇರೆ ಹೊಸ್ದು. ಬೋರ್ ಕೆಟ್ಟು ಎರಡ್ ವರ್ಸ ಆತು, ತಣ್ಣಿಗೆ ಮೈಲಿ ನಡೀತೀವಿ. ನಾವಿಲ್ಲಿ ಇದೀವಿ ಅಂತ ಹೊಸ ಎಂಎಲ್‌ಎಗೆ ಎಂಗ್ ಗೊತ್ತಾಗ್ತದೆ? ಓಟೂ ಇಲ್ಲಾಂದ್ರೆ ಯಾವನ್ ತಿರ್ಗಿ ನೋಡ್ತಾನೆ?”

ತೊಗುದಿ ಎಂದರೆ ತಮಿಳಿನಲ್ಲಿ ಕ್ಷೇತ್ರ, ತಣ್ಣಿ ಎಂದರೆ ನೀರು. ಅವಳಿಗೆ ಓಟೆಂದರೆ ನೀರು ಕೇಳುವ ದಾರಿಯಾಗಿತ್ತು. ಮೇಲಧಿಕಾರಿಗೆ ಫೋನು ಮಾಡಿದೆ. ಅವರು ಹೇಳಿದ್ದು ನನಗೂ ಗೊತ್ತಿದ್ದದ್ದೇ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡಿದ್ದರೂ ಓಟಿಲ್ಲ. ಅದನ್ನೇ ಹಟ್ಟಿಯವರಿಗೆ ಹೇಳಿದೆ. ಅವರು ಹೋಗಲಿಲ್ಲ. ಐದು ಗಂಟೆಗೆ ಗೇಟು ಮುಚ್ಚುವವರೆಗೆ ಹುಣಸೆಮರದ ಕೆಳಗೆ ಕೂತಿದ್ದರಂತೆ. ಯಾರಾದರೂ ಕರೆದಾರು ಎಂದುಕೊಂಡಿದ್ದರೋ ಏನೋ. ನಾಚಿಕೆಯಿಂದ ನಾನು ಮತ್ತೆ ಆ ಕಡೆ ಸುಳಿಯಲಿಲ್ಲ.

ಫಲಿತಾಂಶವೆಲ್ಲ ಮುಗಿದು, ಮಂದೆ ಊರಿಗೆ ವಾಪಸು ಬಂದ ಮೇಲೆ ಫಾರಂ 6 ಹಿಡಿದು ನಾನೇ ಹಟ್ಟಿಗೆ ಹೋದೆ. ಹೊಸದಾಗಿ ಹೆಸರು ಸೇರಿಸಲು ಕೊಡುವ ಅರ್ಜಿ ಅದು. ಎಲ್ಲರನ್ನೂ ಕೂರಿಸಿ ಮೊದಲು ಹೇಳಬೇಕಾದದ್ದನ್ನು ಹೇಳಿದೆ: “ಅವತ್ತು ಎಸ್ರು ತೆಗ್ಯಕ್ಕೆ ಸಹಿ ಆಕಿದ್ದು ನಾನೇ.” ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಬಂದು ಅರ್ಜಿ ತುಂಬಿಸಿದರು. ಕೆಂಪಮ್ಮ ಮಾತ್ರ ಅದು ಏನು ಅರ್ಜಿ ಎಂದು ಕೇಳಿದಳು. ಹೊಸದಾಗಿ ಸೇರುವವರದ್ದು ಎಂದೆ.

“ನಾನ್ ಹೊಸಬ್ಳಾ?” ಎಂದಳು. “ಈ ಮಣ್ಣಾಗೇ ಉಟ್ಟಿ, ಇಲ್ಲೇ ಮುದ್ಕಿ ಆಗಿವ್ನಿ. ತೆಗ್ದೋನು ನೀನು, ನೀನೇ ಬರ್ಕೊ. ನಾನ್ ಎಬ್ಬೆಟ್ ಒತ್ತಕಿಲ್ಲ.”

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಅರ್ಜಿಯಿಲ್ಲದೆ ಹೆಸರು ಬರೆದುಕೊಳ್ಳಲು ನನಗೆ ಅಧಿಕಾರವಿರಲಿಲ್ಲ. ತೆಗೆಯುವಾಗ ಅವಳ ಹೆಬ್ಬೆಟ್ಟು ಬೇಕಾಗಿರಲಿಲ್ಲ, ಸೇರಿಸಲು ಬೇಕಾಗಿತ್ತು. ಮುಂದಿನ ಪಟ್ಟಿಯಲ್ಲಿ ಮೂವತ್ತೇಳು ಹೆಸರು ಬಂದವು.

ಕ್ಷೇತ್ರಗಳ ಗಡಿ ಮತ್ತೆ ಬದಲಾಗುವ ಮಾತು ಈಗ ಕೇಳಿಬರುತ್ತಿದೆ. ಕಚೇರಿಯ ಹುಡುಗರು ಆಗಾಗ ಸಲಹೆ ಕೇಳಿಕೊಂಡು ಬರುತ್ತಾರೆ. ನಾನು ಹೇಳುವುದು ಇಷ್ಟೇ: ಗಡಿ ಎಲ್ಲಿ ಬೇಕಾದರೂ ಹೋಗಲಿ, ಹಳೆಯ ಪಟ್ಟಿ ನೋಡಿಕೊಂಡವರನ್ನು ಹುಡುಕಿ ಮಾತಾಡಿಸಿ. ಅನುಮಾನ ಬಂದ ಕಡೆ ಪೆನ್ನು ಮುಚ್ಚಿ ಜೀಪು ಹತ್ತಿ. ನಿಮ್ಮ ಒಂದು ಗಂಟೆ ಉಳಿಸಲು ಇನ್ನೊಬ್ಬರನ್ನು ಇಲ್ಲ ಎಂದು ಬರೆಯಬೇಡಿ.

ಆ ಚುನಾವಣೆಯ ಮರುವರ್ಷ ಮಳೆ ಬಂದ ಮೇಲೆ ಆ ದಾರಿಯಲ್ಲಿ ಹೋಗುವಾಗ ಜೀಪು ನಿಲ್ಲಿಸಿ ಹಟ್ಟಿಗೆ ನಡೆದೆ. ಮಂದೆ ಹೊರಟುಹೋಗಿತ್ತು. ಮುಳ್ಳಿನ ಅರ್ಥ ಕಚೇರಿಯವರಿಗೆ ತಿಳಿಯದೆಂದೋ ಏನೋ, ಹದಿಮೂರು ಬಾಗಿಲಿಗೆ ಹೊಸ ಬೀಗ ಹಾಕಿದ್ದರು. ಕೆಂಪಮ್ಮನ ಬಾಗಿಲಿಗೆ ಮಾತ್ರ ಮುಳ್ಳುಕೊಂಬೆ ಅಡ್ಡ ಇತ್ತು.